ಘಾಟಿನ ಮೇಲಿನ ಅನ್ನ

ಗಂಗಾವತಿಯ ಅಕ್ಕಿ ವ್ಯಾಪಾರಿ ಉಮಾಪತಿಯವರು ಹೆಂಡತಿ ವಿರೂಪಾಕ್ಷಮ್ಮನೊಂದಿಗೆ ಜೀಪಿನಲ್ಲಿ ಲಡಾಖಿಗೆ ಹೋಗಿಬಂದಾಗಿನಿಂದ ಇನ್ನೂ ಕೆಳಗೆ ಇಳಿದಿಲ್ಲ. ಶ್ರೀರಾಮನಗರದ ನೆಟ್ಟಗಿನ ರಸ್ತೆಯಲ್ಲೂ ತಿರುವು ಬಂತೆಂಬಂತೆ ಹಾರ್ನ್ ಹೊಡೆಯುತ್ತಾರೆ. ಅಂಜನಾದ್ರಿಯ ಮೆಟ್ಟಿಲಲ್ಲಿ ಏದುಸಿರು ಬಿಡುವವರಿಗೆ, "ಇದೇನ್ ಗುಡ್ಡರೀ, ಅಲ್ಲಿ ಮೋಡ ನಮ್ಮ ಕಾಲಕೆಳಗ ಇದ್ವು" ಎನ್ನುತ್ತಾರೆ. ಅಲ್ಲಿ ಜೀಪು ಹತ್ತಿದ ಹದಿನೇಳು ಸಾವಿರ ಅಡಿ ಎತ್ತರದ ಘಾಟು ಅವರ ಬಾಯಲ್ಲಿ ವಾರವಾರವೂ ಬೆಳೆಯುತ್ತದೆ. ಊಟಕ್ಕೆ ಕೂತಾಗ ಮಾತ್ರ ಆಳೇ ಬೇರೆ. ಮೂವತ್ತು ವರ್ಷ "ಅನ್ನ ಗಟ್ಟಿ ಆಗೇತಲ್ಲ" ಎಂದು ಗೊಣಗಿದವರು ಈಗ ಬಡಿಸಿದ್ದನ್ನು ತೆಪ್ಪಗೆ ಉಣ್ಣುತ್ತಾರೆ. ಆ ಘಾಟಿನ ಮೇಲೆ ದಾರಿ ಬಂದ್ ಆಗಿ ಸಿಕ್ಕಿಕೊಂಡ ದಿನ ಅವರೇ ಸ್ಟೋವ್ ಹಚ್ಚಿ, ತಮ್ಮ ಅಂಗಡಿಯ ಸೋನಾ ಮಸೂರಿಯನ್ನು ಎರಡು ತಾಸು ಕುದಿಸಿದರೂ ಅಷ್ಟೆತ್ತರದಲ್ಲಿ ಅದು ಬೇಯಲಿಲ್ಲ. ವಿರೂಪಾಕ್ಷಮ್ಮ ಆ ಕಟಕಟ ಅಗುಳನ್ನು ಅಗಿದು ನುಂಗಿ, "ಛಲೋ ಆಗೇತ್ರಿ, ಇನ್ನಷ್ಟು ನೀಡ್ರಿ" ಅಂದಿದ್ದರು.