ಮೊಲಕ್ಕೆ ನೀರು ಕೊಡಬಾರದು

ನಮ್ಮ ಪೇಟೆಯಲ್ಲಿ ಕಿನುಯೊಗೆ ಹೆದರದವರು ಕಡಿಮೆ. ಮದುವೆಯಾದ ವರ್ಷ ಶಾಲೆಯ ಅಡುಗೆಮನೆಗೆ ಸೇರಿದವಳು ಗಂಡ ತೀರಿಕೊಂಡ ಮೇಲೂ ಸೌಟು ಬಿಡಲಿಲ್ಲ. ತಟ್ಟೆ ಖಾಲಿಯಾಗದೆ ಒಂದು ಮಗುವನ್ನೂ ಆಟಕ್ಕೆ ಏಳಗೊಡುತ್ತಿರಲಿಲ್ಲ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡವನ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡುವಳು. ಇವತ್ತಿಗೂ ನಮ್ಮ ಬ್ಯಾಂಕಿನ ಮ್ಯಾನೇಜರ್ ನನ್ನ ತೋಫು ಅಂಗಡಿಯಲ್ಲಿ ಅವಳನ್ನು ಕಂಡರೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯ ಹೆಂಗಸು. ಆದರೆ ನಾನು ಹೇಳಹೊರಟಿರುವುದು ನಾಲ್ಕೂ ಕಾಲು ಸರಿಯಿದ್ದ ಮೊಲದ ವಿಷಯ.

ಶಾಲೆಯ ಹಿಂದೆ, ಚೆರ್ರಿ ಮರದ ಪಕ್ಕ, ತಂತಿ ಬಲೆಯ ಒಂದು ಮೊಲದ ಗೂಡಿತ್ತು. ಮಕ್ಕಳು ಸರದಿಯ ಮೇಲೆ ಅದನ್ನು ಗುಡಿಸುತ್ತಿದ್ದರು. ಮೇವಿನ ಉಸ್ತುವಾರಿ ಮಾತ್ರ ಕಿನುಯೊದು. ಅಡುಗೆಮನೆಯ ಬ್ರೆಡ್ಡಿನ ಅಂಚು, ಎಲೆಕೋಸಿನ ಹೊರಸಿಪ್ಪೆ, ಜೊತೆಗೆ ಸೋಯಾ ಹಾಲು ಹಿಂಡಿದ ಮೇಲೆ ನನ್ನ ಅಂಗಡಿಯಲ್ಲಿ ಉಳಿಯುವ ಚರಟ. ನೀರು ಮಾತ್ರ ಇಲ್ಲ. ನೀರು ಕುಡಿದರೆ ಮೊಲ ಸಾಯುತ್ತದೆ ಎಂಬುದು ನಮ್ಮಲ್ಲಿ ಎಳೆಗೂಸಿಗೂ ಗೊತ್ತು. ಎಲೆಯಲ್ಲಿ ಒಂದು ಹನಿ ಉಳಿಯಬಾರದೆಂದು ಕಿನುಯೊ ಒಂದೊಂದನ್ನೂ ಬಟ್ಟೆಯಿಂದ ಒರೆಸಿ ಕೊಡುತ್ತಿದ್ದಳು.

ಸತ್ತ ಮೊಲಗಳನ್ನು ಮಕ್ಕಳು ಆ ಮರದ ಬುಡದಲ್ಲಿ ಹೂತು, ಹೊಳೆಯ ನುಣ್ಣನೆ ಕಲ್ಲು ನೆಡುತ್ತಿದ್ದರು. ಹಿರಿಯರ ಸಮಾಧಿಗೆ ಹೋಗುವ ದಿನ ಆ ಕಲ್ಲುಗಳಿಗೂ ಹೂವಿಡುವರು. ಅಜ್ಜ ಅಜ್ಜಿಯರ ಕಲ್ಲಿನ ಮೇಲೆ ಸೌಟಿನಿಂದ ನೀರೆರೆಯುವುದು ರೂಢಿಯಲ್ಲವೇ, ಯಾವುದಾದರೂ ಮಗು ಇಲ್ಲಿಗೂ ತಂಬಿಗೆ ತಂದರೆ ಕಿನುಯೊ ಅಡುಗೆಮನೆಯ ಕಿಟಕಿಯಿಂದಲೇ ಗದರುವಳು. "ನೀರು ಹಾಕ್ಬೇಡ್ವೋ, ಅವಕ್ಕಾಗಲ್ಲ." ಸತ್ತ ಮೇಲೂ ಅವಕ್ಕೆ ಪಥ್ಯ ತಪ್ಪಲಿಲ್ಲ.

ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಬೀಳ್ಕೊಡುಗೆಯ ದಿನ ಭಾಷಣವೆಲ್ಲ ಮುಗಿದ ಮೇಲೆ, ಗೂಡಿನಲ್ಲಿ ಉಳಿದ ಒಂದೇ ಮೊಲದ ಪ್ರಶ್ನೆ ಬಂತು. ಬೂದುಬಣ್ಣದ ಮೇಲೆ ಕರಿ ಚುಕ್ಕೆಯ ಹೆಣ್ಣು, ಹೆಸರು ಗೋಮಾ, ಅಂದರೆ ಎಳ್ಳು. ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳ ಮಗುವಿಗೆ ಕೂದಲಾಗದು, ಇನ್ನೊಬ್ಬಳ ಅತ್ತೆಗೆ ವಾಸನೆಯಾಗದು. ಮುಖ್ಯೋಪಾಧ್ಯಾಯರು ಕೆಮ್ಮಿ, ಪುರಸಭೆಯವರು ನೋಡಿಕೊಳ್ಳುತ್ತಾರೆ ಎಂದರು.

"ನೋಡ್ಕೊಳ್ತಾರೆ ಅಂದ್ರೆ ಏನ್ ಮೇಷ್ಟ್ರೇ? ಬಾಯ್ಬಿಟ್ಟು ಹೇಳಿ," ಎಂದಳು ಕಿನುಯೊ.

ಮೇಷ್ಟ್ರು ತಮ್ಮ ಕಾಲಿನ ಬೆರಳು ನೋಡಿಕೊಂಡರು.

"ನನ್ನ ಕೈಲಿ ಉಂಡಿದ್ದು ಯಾವುದನ್ನೂ ಹಾಗೆ ಸಾಯಕ್ಕೆ ಬಿಡಲ್ಲ. ಇದು ನನ್ನ ಮನೇಲಿರುತ್ತೆ."

ಊರೆಲ್ಲ ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಮೂಲಂಗಿಯ ಬುಟ್ಟಿಗೆ ತನ್ನ ಏಪ್ರನ್ ಹಾಸಿ ಅದರಲ್ಲಿ ಗೋಮಾನನ್ನು ಕೂರಿಸಿಕೊಂಡು ಹೊರಟೇಬಿಟ್ಟಳು.

ಆ ಮೊಲ ಅವಳಿಗೆ ತಕ್ಕ ಗುರು. ಗಂಡನ ಕಾಲದ ಒಳ್ಳೆಯ ಚಾಪೆಯ ಅಂಚನ್ನು ಮೊದಲ ವಾರದಲ್ಲೇ ಮೇಯ್ದು ಹಾಕಿತು. ಹೀಟರಿನ ತಂತಿ ಕಡಿಯಿತು. ಸಿಂಹದಂಥ ಮಕ್ಕಳನ್ನು ನಡುಗಿಸಿದ ಹೆಂಗಸು ನೆಲದ ಮೇಲೆ ಮಂಡಿಯೂರಿ, ಬೀರುವಿನ ಸಂದಿಗೆ ಬಗ್ಗಿ, "ಬಾರಮ್ಮ, ಬಾ ನನ್ನ ತಾಯಿ" ಎಂದು ಗೋಗರೆಯುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆಡಿಕೊಳ್ಳದೆ ಬಿಡುತ್ತೇನೆಯೇ? ಸಾರ್ವಜನಿಕ ಸ್ನಾನದ ಮನೆಯಲ್ಲಿ ಹೆಂಗಸರೆಲ್ಲರ ಎದುರಿಗೂ ಹೇಳಿ ನಗಿಸಿದೆ. ಅವಳು ಬೆನ್ನುಜ್ಜಿಕೊಳ್ಳುತ್ತಾ, ನಗುವವರು ನಗಲಿ, ಚಾಪೆ ಹಳೆಯದಾಗಿತ್ತು ಎಂದಳು. ಹೇಗಿದ್ದವಳು ಹೇಗಾದಳಪ್ಪ ಅನಿಸಿತು ನನಗೆ.

ಚಳಿಗಾಲ ಬಂತು. ನಮ್ಮ ನೀಗಾಟಾ ಸೀಮೆಯ ಹಿಮ ಸುಮ್ಮನೆ ಬೀಳುವುದಿಲ್ಲ, ಮನೆಯ ಬಾಗಿಲನ್ನೇ ನುಂಗುತ್ತದೆ. ಹಸಿಹುಲ್ಲು ಎಲ್ಲಿಂದ ಬರಬೇಕು? ಗೋಮಾಗೆ ಒಣ ಬ್ರೆಡ್ಡು, ನನ್ನ ಚರಟ, ಒರೆಸಿದ ಎಲೆ. ಹೊಟ್ಟೆ ತುಂಬ ಕೊಡುತ್ತಿದ್ದಳು. ಒಂದು ಬೆಳಿಗ್ಗೆ ಅದು ಮೂಲೆ ಹಿಡಿದು ಕೂತಿತು. ಬ್ರೆಡ್ಡಿಗೆ ಮೂಗು ತಿರುಗಿಸಿತು. ಸೇಬು ಹೆಚ್ಚಿಟ್ಟರೂ ಬೇಡ. ಕಿನುಯೊ ಅದರ ಬಾಯಿಗೆ ಕ್ಯಾರೆಟ್ ಒತ್ತಿ, "ತಿನ್ನು" ಎಂದು ಶಾಲೆಯ ದನಿಯಲ್ಲೇ ಗದರಿದಳು. ಅದು ಹಲ್ಲು ಕಚ್ಚಿಕೊಂಡು ಕಣ್ಣು ಮುಚ್ಚಿತು. ಹಿಕ್ಕೆ ಹಾಕುವುದೂ ನಿಂತಿತ್ತು.

ಮಾರನೆಯ ದಿನ ಬುಟ್ಟಿಗೆ ಕಂಬಳಿ ಸುತ್ತಿಕೊಂಡು ಅಂಗಡಿಗೆ ಬಂದಳು. ಪಕ್ಕದ ಊರಿನಲ್ಲಿ ಪ್ರಾಣಿಗಳ ಡಾಕ್ಟರಿದ್ದಾಳಂತೆ, ಹೋಗುತ್ತೇನೆ ಎಂದಳು. ಈ ಹಿಮದಲ್ಲಿ ರೈಲೇ ಬರುವುದು ಅನುಮಾನ, ಒಂದು ಮೊಲಕ್ಕೋಸ್ಕರ ನೀನೂ ಹೆಪ್ಪುಗಟ್ಟಿ ಸಾಯುತ್ತೀಯಾ ಎಂದು ಬೈದೆ. ಅವಳ ತುಟಿ ಅದುರುತ್ತಿತ್ತು. ಗಂಡನನ್ನು ಕಳಿಸಿಕೊಟ್ಟ ದಿನವೂ ಅದುರದ ತುಟಿ. ನಾನು ಅಂಗಡಿಯ ಪರದೆ ಇಳಿಸಿ ಬೂಟು ಹಾಕಿಕೊಂಡೆ.

ಡಾಕ್ಟರು ಇಗರಾಶಿ ಎಂಬ ಚಿಕ್ಕ ವಯಸ್ಸಿನ ಹುಡುಗಿ. ಹೊಟ್ಟೆ ಮುಟ್ಟಿ ನೋಡಿದಳು, ಮೇವು ಏನೆಂದು ಕೇಳಿದಳು. ಆಮೇಲೆ ನೀರು ಎಷ್ಟು ಕುಡಿಯುತ್ತದೆ ಎಂದಾಗ ನಮಗಿಬ್ಬರಿಗೂ ನಗು ಬಂತು.

"ಮೊಲಕ್ಕೆ ಯಾರಾದ್ರೂ ನೀರು ಕೊಡ್ತಾರಾ ಡಾಕ್ಟ್ರೇ? ಸತ್ತೋಗುತ್ತೆ," ಎಂದಳು ಕಿನುಯೊ.

ಹುಡುಗಿ ನಗಲಿಲ್ಲ. ಹಿಂದಿನ ಕಾಲದಲ್ಲಿ ಇಬ್ಬನಿ ತುಂಬಿದ ಹಸಿಹುಲ್ಲೇ ಮೇವಾಗಿತ್ತು, ಬೇರೆ ನೀರು ಬೇಕಾಗುತ್ತಿರಲಿಲ್ಲ, ಆ ಮಾತು ಹಾಗೆ ಹುಟ್ಟಿರಬೇಕು, ಎಂದಳು. ಒಣ ಬ್ರೆಡ್ಡು ತಿನ್ನಿಸಿ ನೀರು ಕೊಡದಿದ್ದರೆ ಕರುಳು ಒಣಗಿ ನಿಂತುಹೋಗುತ್ತದೆ. ಇದಕ್ಕೆ ಬೇಕಾದದ್ದು ಒಣಹುಲ್ಲು, ಮತ್ತು ಯಾವಾಗಲೂ ಎದುರಿಗೆ ಒಂದು ಬಟ್ಟಲು ನೀರು. ನನ್ನ ಚರಟವನ್ನೂ ಬಿಡಲಿಲ್ಲ, ಅದು ಹೊಟ್ಟೆ ಉಬ್ಬಿಸುತ್ತದಂತೆ. ನನಗೆ ಸಿಟ್ಟು ಬಂತು. ಕಿನುಯೊಗೆ ನನಗಿಂತ ಜಾಸ್ತಿ. ನಮ್ಮಮ್ಮ ಹೇಳಿದ್ದು, ಅವರಮ್ಮ ಹೇಳಿದ್ದು, ಅವರೆಲ್ಲ ದಡ್ಡರಾ ಎಂದು ಜಗಳಕ್ಕೇ ನಿಂತಳು. ಹುಡುಗಿ ಎದುರುತ್ತರ ಕೊಡದೆ ಗೋಮಾನ ಬೆನ್ನಿನ ಚರ್ಮಕ್ಕೆ ಸೂಜಿ ಚುಚ್ಚಿ, ದೊಡ್ಡ ಚೀಲದಿಂದ ನೀರಿನಂಥ ಔಷಧಿ ಇಳಿಸಿದಳು. ಹೊರಡುವಾಗ ಹುಲ್ಲಿನ ಪುಡಿ, ಸೂಜಿಯಿಲ್ಲದ ಒಂದು ಸಿರಿಂಜು ಕೊಟ್ಟಳು.

"ಬಲವಂತ ಮಾಡ್ಬೇಡಿ ಅಮ್ಮಾ. ಪುಡೀನ ನೀರಲ್ಲಿ ಕಲಸಿ, ಬಾಯಿ ಪಕ್ಕದಿಂದ ಒಂದು ತೊಟ್ಟು ಬಿಡಿ. ಅದು ನುಂಗೋವರ್ಗೂ ಕಾಯಿರಿ. ಹಿಕ್ಕೆ ಹಾಕಿದ್ರೆ ಬದುಕ್ತು. ಇಲ್ದಿದ್ರೆ ನಾನೇನೂ ಹೇಳಲಾರೆ."

ರೈಲಿನಲ್ಲಿ ಕಿನುಯೊ ಬುಟ್ಟಿಯನ್ನು ಎದೆಗವಚಿಕೊಂಡು ಕೂತಳು. ಮನೆಗೆ ಬಂದವಳೇ ಗಂಡ ಅಕ್ಕಿಯ ಹೆಂಡ ಸಾಕೆ ಕುಡಿಯುತ್ತಿದ್ದ ಅಗಲದ ಬಟ್ಟಲು ತೆಗೆದು, ತೊಳೆದು, ನೀರು ತುಂಬಿ ಗೋಮಾನ ಮುಂದಿಟ್ಟಳು. ವಿಷ ಇಡುತ್ತಿರುವವಳ ಹಾಗೆ ಇಟ್ಟಳು, ಆದರೂ ಇಟ್ಟಳು.

ಆಮೇಲೆ ಅವಳು ನೆಲ ಬಿಟ್ಟು ಏಳಲಿಲ್ಲ. ಮೊಲವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಒಂದು ತೊಟ್ಟು ಬಿಟ್ಟು ಕಾಯುವಳು. ಅದು ಉಗುಳಿದರೆ ಒರೆಸಿ ಮತ್ತೆ ಒಂದು ತೊಟ್ಟು. ಗದರಿಕೆಯಿಲ್ಲ, ಸೊಂಟದ ಮೇಲೆ ಕೈಯಿಲ್ಲ. ಊಟ ನಾನು ಒಯ್ದುಕೊಟ್ಟೆ. ಸಾಕು ಬಿಡಕ್ಕಾ, ಆಯುಸ್ಸಿದ್ದಷ್ಟೇ ಎಂದರೆ ಕಣ್ಣಲ್ಲೇ ಸುಟ್ಟಳು. ಅಂಗಡಿಗೆ ಬರುವವರೆಲ್ಲ ತೋಫು ಕೇಳುವ ಮೊದಲು, ಹಾಕಿತಾ ಎಂದು ಕೇಳತೊಡಗಿದರು. ಬ್ಯಾಂಕಿನ ಮ್ಯಾನೇಜರೂ ಕೇಳಿದ.

ಕೊನೆಗೊಂದು ಬೆಳಿಗ್ಗೆ, ಗಿರಾಕಿಗಳ ಮಧ್ಯೆ ನುಗ್ಗಿ ಬಂದಳು. ತಲೆ ಬಾಚಿಲ್ಲ, ಕೋಟಿನ ಗುಂಡಿ ಹಾಕಿಲ್ಲ. ಅಂಗೈಯಲ್ಲಿ ಮಡಿಸಿದ ಕಾಗದ ಬಿಡಿಸಿ ನನ್ನ ತೋಫು ತೊಟ್ಟಿಯ ಮುಂದೆಯೇ ಹಿಡಿದಳು. ಕರೀ ಅವರೆಕಾಳಿಗಿಂತ ಸಣ್ಣದು, ಒಂದೇ ಒಂದು ಹಿಕ್ಕೆ.

"ಹಾಕ್ತು ಕಣೇ ಫುಸಾ," ಎಂದಳು ನನಗೆ. "ನೀರೂ ಕುಡೀತು. ತಾನಾಗೇ ಬಂದು ಕುಡೀತು. ತಲೆ ಎತ್ತದೆ ಕುಡೀತು."

ಎಲ್ಲರೂ ನಕ್ಕೆವು, ಮ್ಯಾನೇಜರ್ ಚಪ್ಪಾಳೆ ಹೊಡೆದ. ಕಿನುಯೊ ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೆ ಸ್ಟೂಲಿನ ಮೇಲೆ ಕೂತು, ಕಾಗದ ಮತ್ತೆ ಮಡಿಸಿದಳು.

"ಎಷ್ಟು ಹೊತ್ತು ಕುಡೀತು ಗೊತ್ತಾ? ಅಷ್ಟು ಬಾಯಾರಿತ್ತು. ಹಂಗಾದ್ರೆ ಉಳಿದವು?"

ನಾನು ತೋಫು ಕತ್ತರಿಸುತ್ತಾ ನಿಂತೆ.

ವಸಂತದಲ್ಲಿ ಹಗಲೂ ರಾತ್ರಿಯೂ ಸಮನಾಗುವ ದಿನ ನಾವು ಹಿರಿಯರ ಸಮಾಧಿಗೆ ಹೋಗುತ್ತೇವೆ. ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ. ಕಿನುಯೊ ಗಂಡನ ಕಲ್ಲಿಗೆ ನೀರೆರೆದು, ಊದಿನಕಡ್ಡಿ ಹಚ್ಚಿ, ಬಕೆಟ್ಟು ಸೌಟು ಹಿಡಿದುಕೊಂಡೇ ಮುಚ್ಚಿದ ಶಾಲೆಯ ಕಡೆ ತಿರುಗಿದಳು. ನಾನು ಹಿಂದೆ ಹೋದೆ. ಚೆರ್ರಿ ಮರದ ಕೆಳಗೆ ಕೈಯಿಂದಲೇ ಹಿಮ ಬಗೆದಳು. ನುಣ್ಣನೆಯ ಕಲ್ಲುಗಳು ಒಂದೊಂದಾಗಿ ಕಾಣಿಸಿದವು. ಮೊದಲನೆಯದರ ಮುಂದೆ ಮಂಡಿಯೂರಿ ಸೌಟು ತುಂಬ ನೀರೆರೆದಳು.

"ಕುಡೀರಮ್ಮ," ಎಂದಳು. "ತಡವಾಯ್ತು. ಕುಡೀರಿ."

ಒಂದೊಂದಕ್ಕೂ ಎರೆದಳು, ಅವಸರವಿಲ್ಲದೆ, ಕಲ್ಲು ನೀರನ್ನು ನುಂಗುವುದನ್ನು ಕಾಯುವವಳ ಹಾಗೆ. ಸಾಲು ಅರ್ಧವಾಗುವಷ್ಟರಲ್ಲಿ ಬಕೆಟ್ಟು ಖಾಲಿಯಾಯಿತು. ಶಾಲೆಯ ನಲ್ಲಿ ಬಂದಾಗಿತ್ತು. ಅವಳು ನನ್ನ ಕಡೆ ನೋಡಿದಳು. ನಾನು ಬಕೆಟ್ಟು ಎತ್ತಿಕೊಂಡು ಹೊಳೆಗೆ ಇಳಿದೆ.