ಎಸಿ ನೀರಿನ ಬಸಳೆ

ಊರಿಗೆ ಹೊರಡುವ ಸೂಟ್‌ಕೇಸಿನ ಮೇಲೆ ಕೂತು ಅದರ ಬಾಯಿ ಮುಚ್ಚಿಸುತ್ತಿದ್ದೆ. ಕಿಟಕಿಯಾಚೆ ನಮ್ಮ ಎಸಿ ಪೈಪಿನಿಂದ ನೀರು ಟಪ್ ಟಪ್ಪೆಂದು ಬೀಳುವ ಸದ್ದು ಕೇಳಿ ಕೈ ನಿಂತಿತು. ನಿಮಗೆ ಇದು ಜುಜುಬಿ ಸದ್ದು. ನಮ್ಮ ಮನೆಯಲ್ಲಿ ಇದಕ್ಕೊಂದು ಇತಿಹಾಸವಿದೆ. ಸೂಟ್‌ಕೇಸ್ ಕಾಯಲಿ, ಹೇಳಿಬಿಡುತ್ತೇನೆ.

ದೋಹಾದ ಅಲ್ ಥುಮಾಮಾದಲ್ಲಿರುವ ನಮ್ಮ ವಿಲ್ಲಾವನ್ನು ಮಾಲೀಕರು ನಡುವೆ ಗೋಡೆ ಎಬ್ಬಿಸಿ ಆರು ಮನೆ ಮಾಡಿದ್ದಾರೆ. ಆರರಲ್ಲೂ ಕನ್ನಡದವರೇ. ಆದರೂ ನಾವು ಒಬ್ಬರನ್ನೊಬ್ಬರು ಗುರುತಿಸುತ್ತಿದ್ದುದು ಬಾಗಿಲ ಮುಂದಿನ ಚಪ್ಪಲಿಗಳಿಂದ. ಮೂರು ವರ್ಷದ ಹಿಂದೆ ಲುಸೈಲಿನ ನನ್ನ ಆಫೀಸಿನಲ್ಲಿ, ಕಿಟಕಿ ತೆರೆಯಲು ಬಾರದ ಕೋಣೆಯಲ್ಲಿ, ಪ್ರಕೃತಿಯ ಜೊತೆ ಬೆರೆಯುವುದು ಹೇಗೆ ಎಂದು ಕ್ಲಾಸು ಮಾಡಿದರು. ಅಕ್ಕಪಕ್ಕದವರು ಸೇರಿ ತರಕಾರಿ ಬೆಳೆದರೆ ಮನಸ್ಸಿಗೆ ನೆಮ್ಮದಿಯಂತೆ. ನಾನು ಆ ಸ್ಲೈಡುಗಳನ್ನು ಪ್ರಸಾದದಂತೆ ಹಿಡಿದುಕೊಂಡು ಮನೆಗೆ ಬಂದೆ.

ಹೀಗೆ ಹುಟ್ಟಿತು ‘ಹಸಿರು ನೆಮ್ಮದಿ ಬಳಗ’. ಮನೆಗಳು ಆರು, ಪದಾಧಿಕಾರಿಗಳು ಏಳು. ನಾನು ಕಾರ್ಯದರ್ಶಿ. ಆಗ ನವೆಂಬರ್, ಈ ಮರಳಿನಲ್ಲೂ ಏನಾದರೂ ಚಿಗುರುವುದಿದ್ದರೆ ಆ ನಾಲ್ಕು ತಿಂಗಳಲ್ಲೇ. ಆ ನಾಲ್ಕೂ ತಿಂಗಳು ನಾವು ಲೋಗೋದಲ್ಲಿ ಎಲೆ ಮೂರಿರಬೇಕೋ ಐದಿರಬೇಕೋ ಎಂದು ಚರ್ಚಿಸಿದೆವು. ಆಮೇಲೆ ಟೀ ಶರ್ಟಿನ ಬಣ್ಣ ಬಂತು. ಕೊನೆಗೆ ತೋಟದ ಉದ್ಘಾಟನೆಗೆ ಮುಖ್ಯ ಅತಿಥಿಗಳಿಗೆ ಬಿಡುವು ಸಿಕ್ಕಿದ್ದು ಮೇ ತಿಂಗಳಲ್ಲಿ.

ಮೇ ತಿಂಗಳ ದೋಹಾ ಎಂದರೆ ಗೊತ್ತಲ್ಲ, ನೆರಳೂ ಸುಡುತ್ತದೆ. ಅತಿಥಿಗಳು ಮಣ್ಣಿನ ಮಹತ್ವದ ಬಗ್ಗೆ ಮಾತಾಡುತ್ತಿದ್ದಂತೆ ಕುಂಡಗಳಲ್ಲಿದ್ದ ಟೊಮೆಟೊ, ಬದನೆ ಸಸಿಗಳು ಒಂದೊಂದಾಗಿ ತಲೆ ಬಾಗಿಸಿದವು. ವಂದನಾರ್ಪಣೆಯ ಹೊತ್ತಿಗೆ ನೆಟ್ಟಗೆ ನಿಂತಿದ್ದದ್ದು ಬ್ಯಾನರ್ ಮಾತ್ರ. ನೀರು ಹಾಕುವ ಪಾಳಿಯ ಪಟ್ಟಿಯನ್ನು ನಾನೇ ಬಣ್ಣ ಹಾಕಿ ಬಳಗದ ವಾಟ್ಸ್ಯಾಪ್ ಗುಂಪಿಗೆ ಕಳಿಸಿದ್ದೆ. ಎಲ್ಲರೂ ಹೆಬ್ಬೆರಳು ಒತ್ತಿದರು, ನೀರು ಯಾರೂ ಹಾಕಲಿಲ್ಲ. ವಾರದಲ್ಲಿ ತೋಟ ಖಲಾಸ್.

ಅದರ ನಡುವೆ ಒಂದು ಕಳ್ಳತನವೂ ಆಯಿತು. ನನ್ನ ಹೆಂಡತಿ ಅಲ್ ಗರಾಫಾದ ಗೆಳತಿಯ ಮನೆಯಿಂದ ತಂದು ಊರಿದ್ದ ಬಸಳೆಯ ತುಂಡು ಕುಂಡದಿಂದ ಮಾಯವಾಗಿತ್ತು. ಬಳಗ ತುರ್ತು ಸಭೆ ಸೇರಿ ಖಂಡನಾ ನಿರ್ಣಯ ಪಾಸು ಮಾಡಿತು. ಬರೆದವನು ನಾನೇ.

ಇಷ್ಟೆಲ್ಲದರಲ್ಲಿ ನಮ್ಮ ಕೆಳಗಿನ ಮನೆಯ ನೀಲವ್ವ ಎಲ್ಲೂ ಇರಲಿಲ್ಲ. ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸ ಮಾಡುವ ಅವರ ಗಂಡ, ಬಾಗಲಕೋಟೆ ಕಡೆಯ ಗುರುಲಿಂಗಪ್ಪನವರು ಗುಂಪಿನಲ್ಲಿದ್ದರು. ನೀಲವ್ವನಿಗೆ ವಾಟ್ಸ್ಯಾಪ್ ಇರಲಿಲ್ಲ, ಹಾಗಾಗಿ ನಮ್ಮ ಲೆಕ್ಕದಲ್ಲಿ ನೆಮ್ಮದಿಯ ಅಗತ್ಯವೂ ಇರಲಿಲ್ಲ. ಗುರುಲಿಂಗಪ್ಪನವರು ಎರಡು ಸಲ ಮೇಲೆ ಬಂದು, “ನಿಮ್ಮ ಎಸಿ ನೀರು ನಮ್ಮ ಬಾಗಲದಾಗ ಬೀಳಾಕತ್ತೈತ್ರಿ, ಮನ್ಯಾಗಿನಾಕಿ ಜಾರಿ ಬಿದ್ದಾಳು” ಎಂದಿದ್ದರು. ಮೆಂಟೆನೆನ್ಸ್‌ಗೆ ಒಂದು ಮೇಲ್ ಹಾಕಿ ಎಂದು ಹೇಳಿ ಬಾಗಿಲು ಮುಚ್ಚಿದ ಮಹಾನುಭಾವ ನಾನು.

ಜುಲೈಯಲ್ಲಿ ನನ್ನ ಮನಸ್ಸಾಕ್ಷಿ ಕುಟುಕಿತು. ಮೆಕ್ಯಾನಿಕ್ ಕರೆಸಿ, ಪೈಪು ಜೋಡಿಸಿ, ನೀರು ನೇರ ಗಟಾರಕ್ಕೆ ಹೋಗುವಂತೆ ಮಾಡಿಸಿದೆ. ಮೂರನೆಯ ದಿನ ಗುರುಲಿಂಗಪ್ಪನವರು ಮತ್ತೆ ಬಂದರು. ಥ್ಯಾಂಕ್ಸ್ ಹೇಳಲು ಬಂದರೆಂದು ಎದೆಯುಬ್ಬಿಸಿ ನಿಂತೆ.

“ನೀರು ಬರವಲ್ದ್ರಿ ಸರ” ಎಂದರು. ಮುಖ ಬಾಡಿತ್ತು. “ಆ ಪೈಪ್ ತಗಸ್ರಿ. ಆಕಿ ಆರು ತಿಂಗಳು ಬರೇ ಗ್ವಾಡಿ ನೋಡ್ಕೋತ ಕುಂದ್ರತಿದ್ಲು. ಊಟ ಬಿಟ್ಟಿದ್ಲು. ಇಲ್ಲೇ ಇದ್ರ ಹುಚ್ಚ ಹಿಡೀತೈತಿ, ಊರಿಗೆ ಕಳಸ್ರಿ ಅಂದಿದ್ಲು. ಈಗ ನಿಮ್ಮ ನೀರಿನ ಬುಡಕ ಒಂದು ಬಳ್ಳಿ ಹಚ್ಚ್ಯಾಳ. ಅದನ್ನ ನೋಡಿ ಊರಿಗೆ ಹೋಗದ ನಿಂತಾಳ. ನಿಮ್ಮ ನೀರು ನಿಂತು ಮೂರು ದಿನಾತು. ನಮ್ಮ ನಳದ ನೀರು ಕುದಿಯಾಕತ್ತೈತಿ, ಹಾಕಿದ್ರ ಬಳ್ಳಿ ಬೇಯತೈತಿ.”

ನಾನೂ ಹೆಂಡತಿಯೂ ಅವರ ಹಿಂದೆ ಕೆಳಗೆ ಹೋದೆವು. ನೆರಳಿನ ಮೂಲೆಯಲ್ಲಿ ಕತ್ತರಿಸಿದ ಎಣ್ಣೆ ಡಬ್ಬ, ಅದರಲ್ಲಿ ಮೊಳಕಾಲೆತ್ತರದ ಬಸಳೆ, ಎಲೆಗಳು ಸೊರಗಿದ್ದವು. ಪಕ್ಕದಲ್ಲಿ ನೀಲವ್ವ ಕೂತಿದ್ದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, “ನಿಮ್ಮ ಕುಂಡದಾಗಿಂದು ಕಿತ್ಕೊಂಡು ಬಂದೀನ್ರಿ. ಒಣಗಾಕತ್ತಿತ್ತು, ಯಾರೂ ನೋಡವಲ್ರಾಗಿದ್ರಿ” ಎಂದರು.

ಖಂಡನಾ ನಿರ್ಣಯದ ಕರ್ತೃ ತಲೆ ತಗ್ಗಿಸಿದ. ಹೆಂಡತಿ ನನ್ನ ತೋಳು ಚಿವುಟಿದಳು. “ಸುಮ್ಮನಿರಿ ಮಾರಾಯ್ರೆ. ಕದ್ದ ಬಳ್ಳಿಯೇ ಚಂದ ಬರುವುದು” ಎಂದು ಅಲ್ಲೇ ನೀಲವ್ವನ ಪಕ್ಕ ಕೂತಳು. ನಾನು ಸ್ಟೂಲು ಹತ್ತಿ, ಕಾಸು ಕೊಟ್ಟು ಹಾಕಿಸಿದ ಪೈಪನ್ನು ನನ್ನ ಕೈಯಿಂದಲೇ ಕಿತ್ತೆ.

ಬಳ್ಳಿ ಉಳಿಯಿತು. ಈಗ ಅದು ಗೋಡೆ ಹತ್ತಿ ನಮ್ಮ ಕಿಟಕಿಗೆ ಬಂದಿದೆ. ಅದರ ತುಂಡುಗಳು ಆರೂ ಮನೆಗಳ ಎಸಿ ಪೈಪಿನ ಕೆಳಗೆ ಕೂತಿವೆ. ನಮ್ಮ ತೆಂಗಿನಕಾಯಿ ಅರೆದ ಬಸಳೆ ಪದಾರ್ಥಕ್ಕೆ ನೀಲವ್ವನ ರೊಟ್ಟಿ ಜೊತೆಯಾಗಿದೆ. ಬಳಗ ಮಾತ್ರ ಮತ್ತೆ ಸಭೆ ಸೇರಿಲ್ಲ, ಬಹುಶಃ ಅದಕ್ಕೇ ಎಲ್ಲರೂ ದಿನಾ ಸಿಗುತ್ತೇವೆ.

ಸೂಟ್‌ಕೇಸಿನ ಬಾಯಿ ಅಂತೂ ಮುಚ್ಚಿತು. ಹೆಂಡತಿ ಎಸಿ ಆರಿಸಲು ಕೈ ಎತ್ತಿದಳು, ನನ್ನ ಮುಖ ನೋಡಿ ಇಳಿಸಿದಳು. ತಿಂಗಳಿಡೀ ಖಾಲಿ ಮನೆಯಲ್ಲಿ ಎಸಿ ಓಡಿಸುವುದು ಹುಚ್ಚು, ನನಗೂ ಗೊತ್ತು. ಆದರೆ ಆರಿಸಿದರೆ ಬಳ್ಳಿಗೆ ನೀರಿಲ್ಲ. ಮನೆಯ ಬೀಗದ ಕೈ ಹಿಡಿದು ಕೆಳಗಿಳಿದೆ. ದೋಹಾದಲ್ಲಿ ಇಷ್ಟು ವರ್ಷದಲ್ಲಿ ನಾನು ಯಾರ ಕೈಗೂ ಕೊಡದಿದ್ದ ಬೀಗದ ಕೈ.

ನೀಲವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. “ನಿಶ್ಚಿಂತಿಂದ ಹೋಗಿ ಬರ್ರಿ. ದಿನಾ ಎರಡು ತಾಸು ಎಸಿ ಹಚ್ಚತೀನಿ. ನಿಮ್ಮ ಮನ್ಯಾಗ ಹೆಂಗೂ ತಂಪಿರತೈತಿ, ಅಲ್ಲೇ ಕುಂತು ಸೊಪ್ಪು ಸೋಸ್ತೀವಿ, ಎಲ್ಲಾರೂ ಬರತಾರ” ಎಂದರು.