ದೊಡ್ಡಮ್ಮನ ವರ್ತಮಾನ ಕಾಲ

ಆಸ್ಪತ್ರೆಯಲ್ಲಿ ಒಗೆದ ಹಾಸುಬಟ್ಟೆ ಮಡಚುವ ಈ ಹೆಂಗಸು ಐವತ್ತೆರಡನೆಯ ವಯಸ್ಸಿಗೆ ಸಂಜೆ ಕಾಲೇಜು ಸೇರಿ ಎರಡು ಪರಭಾಷೆ ಕಲಿಯುತ್ತಿದ್ದಾಳೆ. ಸಹಪಾಠಿಗಳಿಗೂ ಟೀಚರಿಗೂ ಆಕೆ ದೊಡ್ಡಮ್ಮ. ಬಟ್ಟೆಗೊಂದರಂತೆ ಕ್ರಿಯಾಪದ ಗೊಣಗುತ್ತಾಳೆ, ಕುಕ್ಕರ್ ಕೂಗಿದರೆ ಅದು ಯಾವ ಕಾಲದಲ್ಲಿ ಕೂಗಿತೆಂದು ಯೋಚಿಸುತ್ತಾಳೆ. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡ ಗಂಡನಿಗೆ ತುತ್ತಿಡುತ್ತ ಪಾಠ ಒಪ್ಪಿಸಿ, "ನೀವೊಬ್ರೇ ನೋಡಿ ನನ್ನ ತಪ್ಪು ಹಿಡಿಯದವರು" ಎನ್ನುತ್ತಾಳೆ. ಪುಸ್ತಕ ತೆರೆಯುವ ಮುನ್ನ ಕಣ್ಮುಚ್ಚಿ ಕೈಮುಗಿಯದ ದಿನವಿಲ್ಲ. ಮೊನ್ನೆ ಟೀಚರ್ 'ಪ್ರಾರ್ಥಿಸು' ಎಂಬ ಪದ ಕೊಟ್ಟು ವಾಕ್ಯ ಬರೆಯಲು ಹೇಳಿದಾಗ, 'ಗಂಡನಿಗಾಗಿ ಪ್ರಾರ್ಥಿಸುತ್ತಿದ್ದೆ' ಎಂದು ಬರೆದಳು. "ನಾನು ಕೇಳಿದ್ದು ವರ್ತಮಾನ ಕಾಲ, ದೊಡ್ಡಮ್ಮ. ಪ್ರಾರ್ಥಿಸುತ್ತೇನೆ ಅಂತ ಬರೀಬೇಕು" ಎಂದಳು ಟೀಚರ್. "ಗೊತ್ತಮ್ಮ" ಎಂದು ಆಕೆ ಪೆನ್ನಿಗೆ ಮುಚ್ಚಳ ಹಾಕಿದಳು. "ಕೈ ಈಗ್ಲೂ ಮುಗಿತೀನಿ. ಒಳಗೆ ಮಾತೇ ಹುಟ್ತಿಲ್ಲ."